ಬಿ.ಎ. ಆಗಿದೆಯಾ? ನೀವೂ ಕಾನೂನು ಪಾಠ ಹೇಳಬಹುದು!

ತವರಿಗೆ ಹೋದಾಗ ಅಣ್ಣ ಒಂದು ಕಾಗದ ಮುಂದಿಟ್ಟು “ಇಲ್ಲೊಂದು ಸಹಿ ಮಾಡವ್ವ” ಅಂದರೆ, ಓದದೆ ಸಹಿ ಹಾಕಿ ಬರುವ ಅಕ್ಕತಂಗಿಯರು ನಮ್ಮ ಭಾಲ್ಕಿ, ಔರಾದ್ ಕಡೆ ಈಗಲೂ ಇದ್ದಾರೆ. ಅದು ಹಕ್ಕು ಬಿಡುಗಡೆ ಪತ್ರ ಅಂತ ಗೊತ್ತಾಗೋದು ಆಮೇಲೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲೇ ತಿದ್ದುಪಡಿ ಆಗಿದೆ. ಆದರೆ ಕಾನೂನು ಇದ್ದರೆ ಸಾಲದು, ತಿಳಿಸಿ ಹೇಳುವವರೂ ಬೇಕು. ಆ ಕೆಲಸ ನೀವೇ ಯಾಕೆ ಮಾಡಬಾರದು?

ಕಾನೂನು ಮೇಷ್ಟ್ರುಗಳ ಕೆಲಸ ತರಗತಿಗಷ್ಟೇ ಮುಗಿಯೋದಿಲ್ಲ. ಮಥುರಾ ಅತ್ಯಾಚಾರ ಪ್ರಕರಣದಲ್ಲಿ ಪೊಲೀಸರ ಬಿಡುಗಡೆಯನ್ನು ಪ್ರಶ್ನಿಸಿ 1979ರಲ್ಲಿ ಸುಪ್ರೀಂ ಕೋರ್ಟಿಗೆ ಬಹಿರಂಗ ಪತ್ರ ಬರೆದವರು ನಾಲ್ವರು ಕಾನೂನು ಅಧ್ಯಾಪಕರು. ಅವರಲ್ಲಿ ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್ ಇಬ್ಬರು ಮಹಿಳೆಯರು. ಆಗ ಎದ್ದ ಕೂಗಿನಿಂದ 1983ರಲ್ಲಿ ಕಾಯ್ದೆಯೇ ಬದಲಾಯಿತು.

ಮೊದಲ ಮೆಟ್ಟಿಲು

ಪಿಯುಸಿ ಮುಗಿಸಿ ಪದವಿ ಪಡೆದವರು ಮೂರು ವರ್ಷದ ಎಲ್‌ಎಲ್.ಬಿ. ಸೇರಬಹುದು. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ವಯಸ್ಸಿನ ಚಿಂತೆಯೇ? ಬಾರ್ ಕೌನ್ಸಿಲ್ ಹಾಕಿದ್ದ 30 ವರ್ಷದ ಮಿತಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು.

ಒಂದು ಮಾತು ನೆನಪಿಡಿ. ಅಂಚೆ ಮೂಲಕ ಎಲ್‌ಎಲ್.ಬಿ. ಮಾಡಿಸ್ತೀವಿ ಅನ್ನುವವರನ್ನು ನಂಬಬೇಡಿ, ಅದಕ್ಕೆ ಮಾನ್ಯತೆ ಇಲ್ಲ. ಪ್ರತಿ ವಿಷಯದಲ್ಲೂ ಶೇ. 70 ಹಾಜರಿ ಕಡ್ಡಾಯ. ಭಾಲ್ಕಿಯವರಿಗೆ ಬೀದರಿಗೆ ಬರಲು ರೈಲಿದೆ, ಔರಾದಿನವರಿಗೆ ಬಸ್ಸೇ ಗತಿ. ಹಾಗಾಗಿ ಫೀಸು ಕಟ್ಟುವ ಮೊದಲೇ ಮನೆಯವರ ಹತ್ತಿರ ಕೂತು ಮಾತಾಡಿ. ಮಕ್ಕಳ ಡಬ್ಬಿ ಯಾರು ಕಟ್ಟಬೇಕು, ಶಾಲೆಯಿಂದ ಬಂದಾಗ ಬಾಗಿಲು ಯಾರು ತೆಗೀಬೇಕು, ಎಲ್ಲ ತೀರ್ಮಾನವಾಗಲಿ.

ಆಮೇಲೆ?

ಎರಡು ವರ್ಷದ ಎಲ್‌ಎಲ್.ಎಂ. ಕಲಬುರಗಿಯ ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಕಾನೂನು ಸ್ನಾತಕೋತ್ತರ ವಿಭಾಗವಿದೆ. 2017ರಿಂದ ಬೀದರ್-ಕಲಬುರಗಿ ನಡುವೆ ರೈಲೂ ಓಡುತ್ತಿದೆ. ಎಲ್‌ಎಲ್.ಎಂ.ನಲ್ಲಿ ಶೇ. 55 ಅಂಕ ತೆಗೆದು (ಮೀಸಲು ವರ್ಗಕ್ಕೆ ರಿಯಾಯಿತಿ ಉಂಟು) ಎನ್‌ಇಟಿ ಅಥವಾ ರಾಜ್ಯದ ಕೆ-ಸೆಟ್ ಪಾಸಾದರೆ ಸಹಾಯಕ ಪ್ರಾಧ್ಯಾಪಕಿ ಹುದ್ದೆಗೆ ನೀವು ಅರ್ಹರು. ಎನ್‌ಇಟಿಯ ಈ ಅರ್ಹತೆಗೆ ವಯೋಮಿತಿ ಇಲ್ಲ. 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಒಂದೂ ಬಿಡದೆ ಬರೆಯಿರಿ. ಪ್ರಾಧ್ಯಾಪಕಿಯಾಗಿ ಬಡ್ತಿ ಬೇಕಾದರೆ ಪಿಎಚ್.ಡಿ.ಯೂ ಬೇಕು.

ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಬೀದರ್ ಜಿಲ್ಲೆಯವರಿಗೆ ಶಿಕ್ಷಣ, ಸರ್ಕಾರಿ ನೌಕರಿ ಎರಡರಲ್ಲೂ ಮೀಸಲಾತಿ ಇದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಇಂದಿನಿಂದಲೇ ಹೀಗೆ ಮಾಡಿ

* ಇಂಗ್ಲಿಷ್ ಹೆದರಿಕೆಯೇ? ದಿನಾ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯ ಕೋರ್ಟ್ ಸುದ್ದಿ ಓದಿ.
* ಓದಿದ್ದನ್ನು ಅತ್ತೆಗೋ ನೆರೆಮನೆಯವರಿಗೋ ಕನ್ನಡದಲ್ಲಿ ವಿವರಿಸಿ. ಅವರಿಗೆ ತಿಳಿದರೆ ನಿಮಗೆ ಪಾಠ ಹೇಳೋದು ಬಂತು ಅಂತಲೇ ಅರ್ಥ.
* ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಅರಿವು ಶಿಬಿರಗಳಿಗೆ ಹೋಗಿ ಬನ್ನಿ.

ಎಲ್ಲ ಸೇರಿ ಆರು ವರ್ಷವಾದರೂ ಬೇಕು. ಬಹಳ ಆಯಿತೇ? ಐದನೇ ಕ್ಲಾಸಿನ ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಮುಗಿಸುವಷ್ಟು ಹೊತ್ತು. ನೀವು ಓದಿದರೂ ಓದದಿದ್ದರೂ ಆ ವರ್ಷಗಳು ಕಳೆದೇ ಹೋಗುತ್ತವೆ. ಓದಿದರೆ, ಮುಂದೆ ಅವಳ ಮುಂದೆ ಯಾರಾದರೂ ಕಾಗದ ಇಟ್ಟಾಗ “ತಡಿ, ಮೊದಲು ಓದ್ತೀನಿ” ಅನ್ನುವುದನ್ನು ಅವಳು ನಿಮ್ಮನ್ನು ನೋಡಿಯೇ ಕಲಿತಿರುತ್ತಾಳೆ.