ಕಳೆ ತಿನ್ನುವ ಅತಿಥಿ, ಹುಳು ಹಿಡಿಯುವ ನೆಲಜೀರುಂಡೆ

ಕಲಬುರಗಿ: ನಗರದಿಂದ ಕಮಲಾಪುರದವರೆಗಿನ ರಸ್ತೆಬದಿಯಲ್ಲಿ ಮಳೆಗಾಲದಲ್ಲಿ ಕಾಂಗ್ರೆಸ್ ಹುಲ್ಲಿನ ಎಲೆಗಳು ಜಾಲರಿಯಂತಾಗಿದ್ದರೆ, ಅದು ಮೆಕ್ಸಿಕೋ ಮೂಲದ ಜೀರುಂಡೆಯ ಕೆಲಸವಿರಬಹುದು. ಬಿಳಿಚು ಬೆನ್ನಿನ ಮೇಲೆ ಕಂದು ಗೆರೆಗಳುಳ್ಳ ಈ ಕೀಟವನ್ನು ಕಳೆ ನಿಯಂತ್ರಣಕ್ಕೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಗಿತ್ತು. 1990ರ ದಶಕದಲ್ಲಿ ಸೂರ್ಯಕಾಂತಿಯ ಮೇಲೂ ಕಾಣಿಸಿಕೊಂಡು ಆತಂಕ ಮೂಡಿಸಿತ್ತಾದರೂ ಅದರ ಮುಖ್ಯ ಆಹಾರ ಕಾಂಗ್ರೆಸ್ ಹುಲ್ಲೇ. ಒಣಹವೆಯಲ್ಲಿ ಮಣ್ಣು ಸೇರಿ ನಿದ್ರಿಸುವ ಕಾರಣ ಅದೊಂದರಿಂದಲೇ ಕಳೆ ನಿರ್ಮೂಲವಾಗದು.

ಸ್ಥಳೀಯ ನೆಲಜೀರುಂಡೆಗಳ ಕಾರ್ಯವೇ ಬೇರೆ. ಬಹುತೇಕ ಕಪ್ಪು ಬಣ್ಣದ ಇವು ಹಗಲಿನಲ್ಲಿ ಹೆಂಟೆಗಳಡಿ ಅವಿತು, ರಾತ್ರಿ ಹುಳುಗಳನ್ನು ಬೇಟೆಯಾಡುತ್ತವೆ. ತೊಗರಿಯ ಹಸಿರು ಕಾಯಿಕೊರಕ ಕೋಶವಾಗಲು ಮಣ್ಣಿಗಿಳಿಯುವುದರಿಂದ ಅದೂ ಇವುಗಳಿಗೆ ಆಹಾರವಾಗಬಲ್ಲದು. ವಿವೇಚನೆಯಿಲ್ಲದೆ ಕೀಟನಾಶಕ ಸಿಂಪಡಿಸಿದರೆ ಅತಿಥಿಯೂ ಉಳಿಯದು, ಮನೆಯ ಕಾವಲುಗಾರನೂ ಉಳಿಯದು. ಆದ್ದರಿಂದ ಸಿಂಪಡಣೆಗೆ ಮುನ್ನ ಜೀರುಂಡೆಯನ್ನು ಗುರುತಿಸುವುದು ಒಳಿತು.