ಪುಸ್ತಕದಲ್ಲಿ ಸೊನ್ನೆ ಬೆಲೆಯ ಆಟಗಾರ

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಪಾಠ ನಡೆಯುವಾಗ ಸರ್ ಒಂದು ಮಾತು ಹೇಳಿದರು. ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರುತ್ತದೆ, ತಾನಾಗಿ ಬೆಳೆಸಿಕೊಂಡದ್ದು ಬರುವುದಿಲ್ಲ. ಆಗ ನನಗೆ ನೆನಪಾದದ್ದು ಯಾವ ಅಂಗಡಿಯೂ ಅಲ್ಲ, ಇಂಗ್ಲೆಂಡಿನ ಫುಟ್ಬಾಲ್ ಆಟಗಾರ ಮ್ಯಾಟ್ ಲೆ ಟಿಸಿಯೆ.

ಫುಟ್ಬಾಲ್ ಕ್ಲಬ್ಬುಗಳ ಲೆಕ್ಕವೂ ಹೀಗೆಯೇ. ಒಪ್ಪಂದದಲ್ಲಿರುವ ಆಟಗಾರನನ್ನು ಬೇರೆ ಕ್ಲಬ್ಬಿನಿಂದ ತರಬೇಕಾದರೆ ಆ ಕ್ಲಬ್ಬಿಗೆ ಟ್ರಾನ್ಸ್‌ಫರ್ ಶುಲ್ಕ ಕೊಡಬೇಕು. ಆ ಮೊತ್ತ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯಾಗಿ ಕೂರುತ್ತದೆ. ನಾವು ಯಂತ್ರದ ಸವಕಳಿ ಬರೆಯುವ ಹಾಗೆ, ಒಪ್ಪಂದ ಎಷ್ಟು ವರ್ಷದ್ದೋ ಅಷ್ಟು ಭಾಗ ಮಾಡಿ ವರ್ಷ ವರ್ಷ ಕಳೆಯುತ್ತಾರೆ. 1.5 ಕೋಟಿ ಪೌಂಡ್ ಕೊಟ್ಟು 5 ವರ್ಷಕ್ಕೆ ತಂದರೆ ವರ್ಷಕ್ಕೆ 30 ಲಕ್ಷ ಪೌಂಡ್ ಖರ್ಚು. ಆದರೆ ಹುಡುಗನಾಗಿದ್ದಾಗಿನಿಂದ ಕ್ಲಬ್ಬೇ ಬೆಳೆಸಿದವನಿಗೆ ಶುಲ್ಕವೇ ಇಲ್ಲವಲ್ಲ! ಪುಸ್ತಕದಲ್ಲಿ ಅವನ ಬೆಲೆ ಸೊನ್ನೆ.

ಲೆ ಟಿಸಿಯೆ ಅಂಥ ಸೊನ್ನೆ. ಹುಟ್ಟಿದ್ದು 1968ರಲ್ಲಿ, ಫ್ರಾನ್ಸಿನ ಕರಾವಳಿಗೆ ಹತ್ತಿರದ ಗರ್ನ್‌ಸಿ ದ್ವೀಪದಲ್ಲಿ. ಸಮುದ್ರ ದಾಟಿ ಬಂದರು ನಗರ ಸೌತಾಂಪ್ಟನ್‌ಗೆ ಬಂದು, 1986ರಲ್ಲಿ ಅಲ್ಲಿನ ಮೊದಲ ತಂಡಕ್ಕೆ ಇಳಿದರು. 2002ರಲ್ಲಿ ನಿವೃತ್ತರಾಗುವವರೆಗೂ ಅದೇ ಕ್ಲಬ್. ಮಿಡ್‌ಫೀಲ್ಡರ್ ಆಗಿದ್ದೂ 209 ಗೋಲು ಹೊಡೆದರು. ಪ್ರೀಮಿಯರ್ ಲೀಗಿನಲ್ಲಿ 100 ಗೋಲು ಮುಟ್ಟಿದ ಮೊದಲ ಮಿಡ್‌ಫೀಲ್ಡರ್ ಅವರೇ. ಕ್ಲಬ್ಬಿಗಾಗಿ 48 ಪೆನಾಲ್ಟಿ ಹೊಡೆದು 47ನ್ನು ಗೋಲು ಮಾಡಿದರು. ತಪ್ಪಿದ ಆ ಒಂದನ್ನು 1993ರಲ್ಲಿ ತಡೆದವರು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಗೋಲ್‌ಕೀಪರ್ ಮಾರ್ಕ್ ಕ್ರಾಸ್ಲಿ.

ಇಷ್ಟು ಆಡಿಯೂ ದೊಡ್ಡ ಟ್ರೋಫಿ ಒಂದೂ ಇಲ್ಲ. ಸೌತಾಂಪ್ಟನ್ ಗೆಲ್ಲಲು ಆಡುವ ತಂಡವಾಗಿರಲಿಲ್ಲ, ಉಳಿಯಲು ಆಡುವ ತಂಡವಾಗಿತ್ತು. ಇಂಗ್ಲೆಂಡಿನ ಲೀಗಿನಲ್ಲಿ ವರ್ಷದ ಕೊನೆಗೆ ಕೆಳಗಿನ ಸ್ಥಾನಗಳಲ್ಲಿರುವ ತಂಡಗಳು ಕೆಳದರ್ಜೆಗೆ ಬೀಳುತ್ತವೆ. ಬಿದ್ದರೆ ಟಿವಿಯ ಹಣ ಹೋಗುತ್ತದೆ, ಒಳ್ಳೆಯ ಆಟಗಾರರನ್ನು ಮಾರಬೇಕಾಗುತ್ತದೆ. 1993-94ರಲ್ಲಿ 42 ಪಂದ್ಯಗಳಲ್ಲಿ ಇಡೀ ತಂಡ ಹೊಡೆದದ್ದು 49 ಗೋಲು. ಅದರಲ್ಲಿ 25 ಲೆ ಟಿಸಿಯೆಯವು. ಕೊನೆಯ ದಿನ ವೆಸ್ಟ್ ಹ್ಯಾಮ್ ವಿರುದ್ಧ 3-3 ಡ್ರಾ, ಅದರಲ್ಲೂ ಅವರ 2 ಗೋಲು. ತಂಡ ಉಳಿದದ್ದು ಒಂದೇ ಒಂದು ಅಂಕದಿಂದ. 1996ರಲ್ಲಿ ಅಷ್ಟೂ ಇಲ್ಲ, ಗೋಲುಗಳ ವ್ಯತ್ಯಾಸದಿಂದ ಬಚಾವ್. ಅವರು ಆಡಿದ ಅಷ್ಟೂ ವರ್ಷ ತಂಡ ಒಮ್ಮೆಯೂ ಕೆಳಗಿಳಿಯಲಿಲ್ಲ. ಸೊನ್ನೆ ಎಂದು ಬರೆದ ಆಸ್ತಿ ಮಾಡಿದ ಕೆಲಸ ಇದು.

ಅದೇ ಕ್ಲಬ್ಬಿನಲ್ಲಿ ಬೆಳೆದ ಅಲನ್ ಶಿಯರರ್ 1992ರಲ್ಲಿ ಬ್ಲ್ಯಾಕ್‌ಬರ್ನ್‌ಗೆ ಹೋದರು, 1995ರಲ್ಲಿ ಲೀಗ್ ಗೆದ್ದರು, 1996ರಲ್ಲಿ 1.5 ಕೋಟಿ ಪೌಂಡ್‌ಗೆ ನ್ಯೂಕ್ಯಾಸಲ್‌ಗೆ ಹೋದರು. ಆಗ ಅದು ವಿಶ್ವದಾಖಲೆ. ಶಿಯರರ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಲೆ ಟಿಸಿಯೆಗೂ ಕರೆ ಬಂದಿತ್ತು. 1990ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್‌ಗೆ ಹೋಗುವುದು ಬಹುತೇಕ ಗಟ್ಟಿಯಾಗಿತ್ತು. ಮದುವೆಯಾಗಬೇಕಿದ್ದ ಹುಡುಗಿಗೆ ಲಂಡನ್ ಬೇಡವಾಗಿತ್ತು, ಬಿಟ್ಟರು. ಆಮೇಲೆ ಚೆಲ್ಸಿಯೂ ಕೇಳಿತು, ಹೋಗಲಿಲ್ಲ. ದೊಡ್ಡ ಕ್ಲಬ್ಬಿಗೆ ಆಡುವುದಕ್ಕಿಂತ ಅವರ ವಿರುದ್ಧ ಆಡಿ ಗೆಲ್ಲುವುದೇ ಕಷ್ಟದ ಸವಾಲು ಎಂಬುದು ಅವರ ವಾದ.

ನನ್ನ ಬೆಂಚಿನ ಗೆಳೆಯ ಇದನ್ನು ಒಪ್ಪುವುದಿಲ್ಲ. ‘ಅದು ನಿಷ್ಠೆಯಲ್ಲ ಯಾರ್, ಆರಾಮ’ ಎನ್ನುತ್ತಾನೆ. ಪೂರ್ತಿ ಸುಳ್ಳೂ ಅಲ್ಲ. ಲೆ ಟಿಸಿಯೆ ಹೆಚ್ಚು ಓಡುವ ಆಟಗಾರರಲ್ಲ, ಸೋಮಾರಿ ಎಂದು ಬೈಸಿಕೊಂಡವರು. ಆದರೆ ಅರ್ಥಶಾಸ್ತ್ರದಲ್ಲಿ ನಾವು ಓದುವ ಅವಕಾಶ ವೆಚ್ಚವನ್ನೂ ನೋಡಬೇಕಲ್ಲವೇ? ಇಂಗ್ಲೆಂಡಿಗೆ ಆಡಿದ್ದು ಬರೀ 8 ಪಂದ್ಯ. 1998ರಲ್ಲಿ ಇಂಗ್ಲೆಂಡ್ ‘ಬಿ’ ತಂಡಕ್ಕೆ ರಷ್ಯಾ ವಿರುದ್ಧ ಹ್ಯಾಟ್ರಿಕ್ ಹೊಡೆದರೂ ವಿಶ್ವಕಪ್ ತಂಡದಲ್ಲಿ ಹೆಸರಿರಲಿಲ್ಲ. ದೊಡ್ಡ ಕ್ಲಬ್ಬಿನಲ್ಲಿದ್ದಿದ್ದರೆ ಇರುತ್ತಿತ್ತು ಎಂದು ನನಗನ್ನಿಸುತ್ತದೆ. ಆರಾಮಕ್ಕೆ ಇಷ್ಟು ಬೆಲೆ ಯಾರು ಕೊಡುತ್ತಾರೆ?

ನಮ್ಮ ಮನೆಯಲ್ಲಿ ಇದಕ್ಕೆ ವಫಾದಾರಿ ಅನ್ನುತ್ತೇವೆ. ಅಬ್ಬಾ 19 ವರ್ಷದಿಂದ ಒಂದೇ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಬೇರೆ ಊರಿಂದ ಹೆಚ್ಚು ಸಂಬಳಕ್ಕೆ ಕರೆದಾಗ ಯಾಕೆ ಹೋಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. ಸೇಠ್ ಮೇಲಿನ ಪ್ರೀತಿ ಎನ್ನುತ್ತಾರೆ ಅಂದುಕೊಂಡಿದ್ದೆ. ‘ನಿನ್ನ ಅಮ್ಮಿಗೆ ಈ ಮೊಹಲ್ಲಾ ಬಿಡೋಕೆ ಮನಸ್ಸಿರಲಿಲ್ಲ’ ಅಂದರು. ಟಾಟನ್‌ಹ್ಯಾಮ್ ಕಥೆ ಓದಿದಾಗ ನನಗೆ ನಗು ಬಂದದ್ದು ಇದಕ್ಕೇ. ಸಿಎ ಓದಲು ಬೆಂಗಳೂರಿಗೆ ಹೋಗಬೇಕು ಎಂದು ಹಟ ಹಿಡಿದಿರುವವಳು ನಾನೇ, ಅದು ಬೇರೆ ಮಾತು.

ಸೌತಾಂಪ್ಟನ್‌ನ ಹಳೆಯ ಮೈದಾನ ‘ದ ಡೆಲ್’ನಲ್ಲಿ ಸುಮಾರು 15,000 ಜನಕ್ಕಷ್ಟೇ ಜಾಗ. 2001ರ ಮೇ 19ರಂದು ಅಲ್ಲಿ ಕೊನೆಯ ಲೀಗ್ ಪಂದ್ಯ, ಎದುರಾಳಿ ಆರ್ಸೆನಲ್. ಲೆ ಟಿಸಿಯೆಗೆ ಆಗ 32 ವರ್ಷ, ಗಾಯಗಳಿಂದ ಆ ಸೀಸನ್ ಹೆಚ್ಚು ಆಡಿರಲೇ ಇಲ್ಲ. ಬದಲಿ ಆಟಗಾರನಾಗಿ ಇಳಿದರು. ಸ್ಕೋರು 2-2. 89ನೇ ನಿಮಿಷದಲ್ಲಿ ಚೆಂಡು ಸಿಕ್ಕಿತು, ತಿರುಗಿ ಎಡಗಾಲಿನಲ್ಲಿ ಹೊಡೆದರು, 3-2. ಆ ಮೈದಾನದಲ್ಲಿ ಲೀಗಿನ ಕೊನೆಯ ಗೋಲು ಅದೇ. ಆಮೇಲೆ ಮೈದಾನ ಕೆಡವಿ ಮನೆಗಳನ್ನು ಕಟ್ಟಿದರು. ಅಲ್ಲಿನ ಒಂದು ಕಟ್ಟಡದ ಹೆಸರು ಲೆ ಟಿಸಿಯೆ ಕೋರ್ಟ್.