ಮರಳಿ ಬರುವ ಅತಿಥಿಗೆ ಮತ್ತೆ ಮತ್ತೆ ಲಾಗಿನ್ ಏಕೆ?

ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನಂತಹ ವಾಣಿಜ್ಯ ನಗರಗಳ ಅನೇಕ ವಸತಿಗೃಹಗಳಿಗೆ ತಿಂಗಳಿಗೆ ಎರಡು-ಮೂರು ಬಾರಿ ಬಂದು ತಂಗುವ ವ್ಯಾಪಾರ ಪ್ರತಿನಿಧಿಗಳೇ ಸ್ಥಿರ ಆದಾಯದ ಮೂಲ. ಇಂತಹ ಪರಿಚಿತ ಗ್ರಾಹಕರನ್ನು ಸ್ವಾಗತಕಾರರು ಹೆಸರು ಹಿಡಿದು ಬರಮಾಡಿಕೊಂಡರೂ, ವೈ-ಫೈ ವ್ಯವಸ್ಥೆ ಮಾತ್ರ ಪ್ರತಿ ಸಲವೂ ಅಪರಿಚಿತರಂತೆ ಕಂಡು ಮೊಬೈಲ್ ಸಂಖ್ಯೆ ಹಾಗೂ ಒಟಿಪಿ ಕೇಳುತ್ತದೆ. ದಿನಕ್ಕೆ 25 ಮಂದಿ ಅತಿಥಿಗಳಿಗೆ ತಲಾ 3 ನಿಮಿಷ ಸಿಬ್ಬಂದಿಯ ನೆರವು ಬೇಕಾಯಿತೆಂದು ಭಾವಿಸಿದರೆ, 30 ದಿನಗಳ ತಿಂಗಳೊಂದರಲ್ಲಿ ವ್ಯರ್ಥವಾಗುವ ಅವಧಿ 37 ಗಂಟೆ 30 ನಿಮಿಷ! ಲೆಕ್ಕಪುಸ್ತಕದಲ್ಲಿ ಕಾಣದ ವೆಚ್ಚವಿದು.

ತೊಡಕಿನ ಮೂಲ

ಅತಿಥಿಯ ಉಪಕರಣವನ್ನು ವ್ಯವಸ್ಥೆಯು ಸಾಮಾನ್ಯವಾಗಿ ಅದರ ಮ್ಯಾಕ್ ವಿಳಾಸದಿಂದ ಗುರುತಿಸುತ್ತದೆ. ಲಾಗಿನ್‌ನ ಮಾನ್ಯತೆಯನ್ನು 24 ಗಂಟೆಗೆ ಸೀಮಿತಗೊಳಿಸಿದ್ದರೆ ಮರುದಿನವೇ ಗುರುತು ಅಳಿಯುತ್ತದೆ. ಜೊತೆಗೆ, 2019ರ ಆಂಡ್ರಾಯ್ಡ್ 10 ಹಾಗೂ 2020ರ ಐಓಎಸ್ 14 ಆವೃತ್ತಿಗಳಿಂದೀಚೆಗೆ ಫೋನುಗಳು ಖಾಸಗಿತನದ ರಕ್ಷಣೆಗಾಗಿ ಪ್ರತಿಯೊಂದು ವೈ-ಫೈ ಹೆಸರಿಗೂ ಬೇರೆ ಬೇರೆ ಕೃತಕ ವಿಳಾಸವನ್ನು ನೀಡುತ್ತವೆ. ಆದ್ದರಿಂದ ಮಹಡಿಗೊಂದು, ಶಾಖೆಗೊಂದು ಹೆಸರಿಟ್ಟಲ್ಲಿ ಒಂದೇ ಫೋನು ಹಲವು ಅಪರಿಚಿತ ಫೋನುಗಳಾಗಿ ತೋರುತ್ತದೆ.

ಕಾನೂನಿನ ಚೌಕಟ್ಟು

ಗೋಡೆಯ ಮೇಲೆ ಒಂದೇ ಗುಪ್ತಪದ ಬರೆದಿಡುವುದು ಸುಲಭವಾದರೂ ಸುರಕ್ಷಿತವಲ್ಲ. 2008ರ ಅಹಮದಾಬಾದ್ ಸ್ಫೋಟಗಳ ಸಂದರ್ಭದಲ್ಲಿ ಬೆದರಿಕೆಯ ಇ-ಮೇಲ್ ಕಳುಹಿಸಲು ಅನ್ಯರ ಅಸುರಕ್ಷಿತ ವೈ-ಫೈ ದುರುಪಯೋಗವಾಗಿತ್ತು. ಇದಾದ ಬಳಿಕ ದೂರಸಂಪರ್ಕ ಇಲಾಖೆಯು 2009ರ ಫೆಬ್ರವರಿಯಲ್ಲಿ ಹೊರಡಿಸಿದ ಸೂಚನೆಯಂತೆ, ಸಾರ್ವಜನಿಕ ಸ್ಥಳಗಳಲ್ಲಿ ಗುರುತಿನ ದಾಖಲೆಯ ಪ್ರತಿ ಪಡೆದು ಅಥವಾ ಮೊಬೈಲ್ ಮೂಲಕ ಲಾಗಿನ್ ವಿವರ ನೀಡಿ, ದಾಖಲೆಯನ್ನು ಒಂದು ವರ್ಷ ಕಾಯ್ದಿರಿಸಬೇಕು. ಮೊಬೈಲ್ ದೃಢೀಕರಣ ಇರುವಲ್ಲಿ ವೈ-ಫೈಗೆಂದೇ ಆಧಾರ್ ಪ್ರತಿ ಸಂಗ್ರಹಿಸುವ ಅಗತ್ಯವಿಲ್ಲ.

ಇನ್ನೊಂದೆಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡು ಹಂತಹಂತವಾಗಿ ಜಾರಿಗೆ ಬರುವಂತಿವೆ. ಸೂಕ್ತ ಭದ್ರತೆ ಒದಗಿಸದೆ ದತ್ತಾಂಶ ಸೋರಿಕೆಯಾದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಲಾಗಿನ್‌ಗಾಗಿ ಪಡೆದ ಸಂಖ್ಯೆಗೆ ಜಾಹೀರಾತು ಸಂದೇಶ ಕಳುಹಿಸಲು ಪ್ರತ್ಯೇಕ ಸಮ್ಮತಿ ಪಡೆಯುವುದೇ ಲೇಸು.

ಅನುಸರಿಸಬಹುದಾದ ಕ್ರಮಗಳು

1. ಎಲ್ಲ ಮಹಡಿ, ಶಾಖೆಗಳಲ್ಲಿ ವೈ-ಫೈ ಹೆಸರು ಒಂದೇ ಇರಲಿ. ದೃಢೀಕರಣದ ದಾಖಲೆಯೂ ಒಂದೇ ಕೇಂದ್ರದಲ್ಲಿರಲಿ.

2. ಮೊದಲ ಬಾರಿ ಒಟಿಪಿಯಿಂದ ದೃಢಪಟ್ಟ ಸಂಖ್ಯೆಗೆ ಉಪಕರಣವನ್ನು ಜೋಡಿಸಿ, ಮಾನ್ಯತೆಯನ್ನು 30ರಿಂದ 90 ದಿನಗಳಿಗೆ ವಿಸ್ತರಿಸಬಹುದು. ಆಗ ಅತಿಥಿ ಬಂದೊಡನೆ ಸಂಪರ್ಕ ತಾನಾಗಿಯೇ ದೊರೆಯುತ್ತದೆ. ಯಾರ ಬಳಕೆಯೆಂಬ ದಾಖಲೆಯೂ ಉಳಿಯುತ್ತದೆ.

3. ಭಾರತದ ಮೊಬೈಲ್ ಸಂಖ್ಯೆಯಿಲ್ಲದ ವಿದೇಶೀ ಅತಿಥಿಗಳಿಗೆ, ತಂಗುವ ಅವಧಿಗೆ ಮಾತ್ರ ಮಾನ್ಯವಾದ ಕೂಪನ್ ಸಂಕೇತವನ್ನು ಸ್ವಾಗತ ಕೌಂಟರಿನಲ್ಲಿ ಕೊಠಡಿ ನೋಂದಣಿಗೆ ಜೋಡಿಸಿ ನೀಡಬೇಕು.

4. ಬಿಲ್ಲಿಂಗ್ ಗಣಕಯಂತ್ರಗಳ ಜಾಲ ಅತಿಥಿಗಳ ಜಾಲದಿಂದ ಸಂಪೂರ್ಣ ಪ್ರತ್ಯೇಕವಾಗಿರಬೇಕು.

5. ಹಲವು ಶಾಖೆಗಳುಳ್ಳ ಸಂಸ್ಥೆಗಳು ಲಾಗಿನ್ ಪುಟವೇ ಬೇಡದ ಪಾಸ್‌ಪಾಯಿಂಟ್ ತಂತ್ರಜ್ಞಾನವನ್ನು ಪರಿಶೀಲಿಸಬಹುದು.

ವೆಚ್ಚದ ದೃಷ್ಟಿ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳವರೆಗಿನ ಕೊಠಡಿ ಬಾಡಿಗೆಗೆ ಜಿಎಸ್‌ಟಿ ದರ ಶೇ. 5ಕ್ಕೆ ಇಳಿದಿದ್ದು, ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಇಲ್ಲವಾಗಿದೆ. ಹೀಗಾಗಿ ಇಂತಹ ವಸತಿಗೃಹಗಳಿಗೆ ವೈ-ಫೈ ಉಪಕರಣ ಹಾಗೂ ಮಾಸಿಕ ಶುಲ್ಕದ ಮೇಲಿನ ತೆರಿಗೆ ನೇರ ವೆಚ್ಚವೇ ಆಗುತ್ತದೆ. ಹೊಸ ಸಾಧನ ಕೊಳ್ಳುವ ಮುನ್ನ, ಈಗಿರುವ ಸಾಧನದಲ್ಲಿಯೇ ಮಾನ್ಯತಾ ಅವಧಿ ಬದಲಿಸಲು ಸಾಧ್ಯವೇ ಎಂದು ಸೇವಾದಾರರನ್ನು ವಿಚಾರಿಸುವುದು ಜಾಣತನ. ಎಷ್ಟೋ ಬಾರಿ ಬೇಕಾಗುವುದು ಹೊಸ ಬಂಡವಾಳವಲ್ಲ, ಹತ್ತು ನಿಮಿಷಗಳ ಗಮನ.